‘ದುಡ್ಡಿನ ಚಿಂತೆ ನಿನಗ್ಯಾಕೆ?’

ಜೂನ್ ಬಂತೆಂದರೆ ಮಲ್ಲೇಶ್ವರದ 18ನೇ ಕ್ರಾಸಿನಲ್ಲಿ ಬಸ್ಸಿಳಿಯುವವರ ಕೈಯಲ್ಲಿ ಪ್ಲಾಸ್ಟಿಕ್ ಫೈಲುಗಳು ಕಾಣಿಸಿಕೊಳ್ಳುತ್ತವೆ. ಒಳಗೆ ಮಾರ್ಕ್ಸ್ ಕಾರ್ಡು, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಏಳು ವರ್ಷದ ವ್ಯಾಸಂಗ ಪ್ರಮಾಣಪತ್ರ, ಎಲ್ಲದರ ಮೂರು ಮೂರು ಜೆರಾಕ್ಸು. ಸಂಪಿಗೆ ರಸ್ತೆಯಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಬಹುಪಾಲು ಕೆಲಸ ಈಗ ಆನ್‌ಲೈನಿನಲ್ಲೇ ಮುಗಿಯುತ್ತದೆ. ಆದರೂ ಆ ಗೇಟಿನ ತನಕ ಒಮ್ಮೆ ಹೋಗಿ, ಯಾರನ್ನಾದರೂ ಒಂದು ಮಾತು ಕೇಳಿ ಬರದಿದ್ದರೆ ಎಷ್ಟೋ ಅಪ್ಪಂದಿರಿಗೆ ಸಮಾಧಾನವಿಲ್ಲ. ಅವರು ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ‘ಈ ರ್‍ಯಾಂಕಿಗೆ ಯಾವ ಕಾಲೇಜು ಸಿಗುತ್ತೆ ಸಾರ್?’

ಅದಕ್ಕೆ ಉತ್ತರ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಇದೆ. ಹಿಂದಿನ ವರ್ಷ ಯಾವ ಕಾಲೇಜಿನ ಯಾವ ಬ್ರಾಂಚು ಯಾವ ವರ್ಗದಲ್ಲಿ ಎಷ್ಟನೇ ರ್‍ಯಾಂಕಿಗೆ ಮುಗಿಯಿತು ಎಂಬ ಕಟ್‌ಆಫ್ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಕಷ್ಟ ಇರುವುದು ಕೇಳದೇ ಉಳಿದ ಪ್ರಶ್ನೆಯಲ್ಲಿ. ಸಿಗುವ ನಾಲ್ಕೈದು ಕಾಲೇಜುಗಳಲ್ಲಿ ನಮ್ಮ ಕೈಗೆ ಎಟಕುವುದು ಯಾವುದು, ಮಗುವಿಗೆ ಒಗ್ಗುವುದು ಯಾವುದು, ಪಾಠ ನೆಟ್ಟಗೆ ನಡೆಯುವುದು ಎಲ್ಲಿ? ಹಳೇ ಬೆಂಗಳೂರಿನ ಮನೆಗಳಲ್ಲಿ ಇದರ ಮೊದಲ ಭಾಗ, ಅಂದರೆ ದುಡ್ಡಿನ ಭಾಗ, ಮಕ್ಕಳ ಕಿವಿಗೆ ಬೀಳುವುದೇ ಇಲ್ಲ. ಬಸವನಗುಡಿಯಲ್ಲಾಗಲಿ ಚಾಮರಾಜಪೇಟೆಯಲ್ಲಾಗಲಿ ಮಧ್ಯಮ ವರ್ಗದ ಅಪ್ಪ ಹೇಳುವ ಮಾತು ಸಿದ್ಧವಾಗಿರುತ್ತದೆ: ‘ದುಡ್ಡಿನ ಚಿಂತೆ ನಿನಗ್ಯಾಕೆ? ನೀನು ಓದು, ಮಿಕ್ಕಿದ್ದು ನಾನು ನೋಡ್ಕೋತೀನಿ.’

ಪ್ರೀತಿಯಿಂದ ಆಡುವ ಮಾತೇ ಹೌದು. ಆದರೆ ಕಾಲೇಜು ಆರಿಸುವ ಹೊತ್ತಿನಲ್ಲಿ ಇದಕ್ಕಿಂತ ದುಬಾರಿಯಾದ ಮಾತು ಇನ್ನೊಂದಿಲ್ಲ.

ಯಾಕೆಂಬುದು ಆಪ್ಷನ್ ಎಂಟ್ರಿಯ ನಿಯಮ ನೋಡಿದರೆ ತಿಳಿಯುತ್ತದೆ. ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ತಲಾ 60 ಅಂಕ. ಅದರ ಅರ್ಧ, ಪಿಯುಸಿಯ ಅದೇ ವಿಷಯಗಳ ಅಂಕದ ಅರ್ಧ ಸೇರಿ ಎಂಜಿನಿಯರಿಂಗ್ ರ್‍ಯಾಂಕು. ಆಮೇಲೆ ಕಾಲೇಜು ಮತ್ತು ಬ್ರಾಂಚುಗಳ ಪಟ್ಟಿಯನ್ನು ವಿದ್ಯಾರ್ಥಿಯೇ ತುಂಬಬೇಕು. ಇ001 ಎಂದರೆ ಕೆ.ಆರ್. ವೃತ್ತದ ಯುವಿಸಿಇ, ಇ005 ಎಂದರೆ ಮೈಸೂರು ರಸ್ತೆಯ ಆರ್.ವಿ., ಹೀಗೆ ಸಂಕೇತಗಳು. ಪ್ರಾಧಿಕಾರದ ಕಂಪ್ಯೂಟರು ಮೊದಲ ರ್‍ಯಾಂಕಿನಿಂದ ಶುರುಮಾಡಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಕ್ಕೆ ಓದುತ್ತ ಬರುತ್ತದೆ. ಖಾಲಿ ಇರುವ ಮೊದಲ ಸೀಟು ಸಿಕ್ಕಲ್ಲಿ ನಿಲ್ಲುತ್ತದೆ. ‘ಸಿಗದ ಕಾಲೇಜನ್ನು ಮೇಲೆ ಬರೆದರೆ ಸಿಗುವುದೂ ಕೈತಪ್ಪುತ್ತೆ’ ಎಂಬ ಭಯ ಪ್ರತಿ ವರ್ಷ ಹಬ್ಬುತ್ತದೆ, ಅದರಲ್ಲಿ ಹುರುಳಿಲ್ಲ. ಆಸೆಯ ಕಾಲೇಜನ್ನು ಧಾರಾಳವಾಗಿ ಮೊದಲಿಗೇ ಹಾಕಬಹುದು, ಸಿಗದಿದ್ದರೆ ಕಂಪ್ಯೂಟರು ಕೆಳಗಿನ ಸಾಲಿಗೆ ಇಳಿಯುತ್ತದೆ, ಅಷ್ಟೇ. ನಿಜವಾದ ಅಪಾಯ ಇನ್ನೊಂದು ಕಡೆ ಇದೆ. ಫೀ ಕಟ್ಟಲಾಗದ ಕಾಲೇಜೂ, ಬೇಡವೇ ಬೇಡವಾದ ಬ್ರಾಂಚೂ ಪಟ್ಟಿಯಲ್ಲಿದ್ದರೆ ಅವೇ ಬಂದು ಕೊರಳಿಗೆ ಬೀಳಬಹುದು. ಆ ಪಟ್ಟಿ ತುಂಬುವ ಹದಿನೆಂಟು ವರ್ಷದ ಹುಡುಗಿಗೆ ಮನೆಯ ಹಣದ ಸ್ಥಿತಿ ಗೊತ್ತಿಲ್ಲದಿದ್ದರೆ ಅವಳು ಯಾವುದನ್ನು ಬಿಡಬೇಕು, ಯಾವುದನ್ನು ಇಡಬೇಕು?

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಆಯ್ಕೆ. ಒಂದನೆಯದು: ಒಪ್ಪಿದೆ, ಫೀ ಕಟ್ಟಿ ಸೇರುತ್ತೇನೆ. ಎರಡನೆಯದು: ಒಪ್ಪಿದೆ, ಆದರೆ ಇದಕ್ಕಿಂತ ಮೇಲಿನದಕ್ಕೆ ಮುಂದಿನ ಸುತ್ತಿನಲ್ಲೂ ಇರುತ್ತೇನೆ. ಮೂರನೆಯದು: ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕನೆಯದು: ಈ ಸಹವಾಸವೇ ಬೇಡ. ಜಗಳ ಹುಟ್ಟುವುದು ಎರಡನೆಯದರಲ್ಲಿ. ಈಚಿನ ವರ್ಷಗಳಲ್ಲಿ ಅದಕ್ಕೂ ಮುಂಗಡ ಫೀ ಕಟ್ಟಬೇಕು. ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನ ಸೀಟು ಬಂತೋ, ಹಳೆಯ ಸೀಟು ಆ ಕ್ಷಣಕ್ಕೆ ಹೋಯಿತು; ‘ಅದೇ ಚೆನ್ನಾಗಿತ್ತು’ ಎಂದು ವಾಪಸ್ ಹೋಗುವಂತಿಲ್ಲ. ಮೇಲೆ ಬರೆದದ್ದೆಲ್ಲ ಕೈಲಿದ್ದುದಕ್ಕಿಂತ ಒಳ್ಳೆಯದೇ ಎಂದು ಬರೆದಾಗಲೇ ಖಾತ್ರಿಯಿರಬೇಕು. ಮೊದಲ ಸುತ್ತಿನ ಫಲಿತಾಂಶ ನೋಡಿ ಯೋಚನೆ ಶುರುಮಾಡುವವರಿಗೆ ಸಿಗುವುದು ಬೆರಳೆಣಿಕೆಯ ದಿನಗಳು. ಅಷ್ಟರಲ್ಲಿ ಚಿಕ್ಕಪ್ಪ, ಸೋದರಮಾವ, ಅಮೆರಿಕದಲ್ಲಿರುವ ದೊಡ್ಡಮ್ಮನ ಮಗ, ಎಲ್ಲರ ಸಲಹೆಯೂ ಬಂದು ಬಿದ್ದಿರುತ್ತದೆ.

ದುಡ್ಡಿನ ಮಾತನ್ನು ಮಕ್ಕಳಿಂದ ಮುಚ್ಚಿಡುವುದು ಈ ಬಡಾವಣೆಗಳ ಹಳೆಯ ಸಂಪ್ರದಾಯವೇನೂ ಅಲ್ಲ. ಇಲ್ಲಿ ಓದಿದವರ ಕಥೆಗಳು ಶುರುವಾಗುವುದೇ ಖರ್ಚಿನಿಂದ. ವಾರಾನ್ನದ ಕಾಲದಲ್ಲಿ ಹಳ್ಳಿಯಿಂದ ಬಂದ ಹುಡುಗನಿಗೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಏಳು ಮನೆ ಹೊಂದಿಸಿಕೊಂಡ ಮೇಲೆಯೇ ಶಾಲೆಯ ಮಾತು. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ವಿಶ್ವೇಶ್ವರಯ್ಯ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ತೂಗಿಸಿದರು. 1881ರಲ್ಲಿ ಬಿ.ಎ. ಮುಗಿಸಿ ಎಂಜಿನಿಯರಿಂಗಿಗೆ ಪುಣೆಗೆ ಹೋದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತ ಕಾರಣಕ್ಕೆ. ಆ ನೆನಪು ಮಾಸಿರಲಿಲ್ಲವೇನೋ, 1917ರಲ್ಲಿ ದಿವಾನರಾಗಿದ್ದಾಗ ಬೆಂಗಳೂರಿನಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ತೆರೆಸಿದರು. ಇವತ್ತಿನ ಯುವಿಸಿಇ ಅದೇ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ 1935ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಲು ಸುಮಾರು 85 ಕಿಲೋಮೀಟರು ನಡೆದೇ ಬಂದರು; ಪ್ರಯಾಣಕ್ಕೆ ಕಾಸಿರಲಿಲ್ಲ. ಎರಡು ದಿನದ ನಡಿಗೆ. ಆಮೇಲೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ, ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಪಿಎಚ್.ಡಿ., 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಬದುಕಿದ್ದು ಮಾತ್ರ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ಹುಟ್ಟಿದ್ದರ ಹಿಂದೆ ಇದ್ದವರು ಅವರೇ. ಊರ ಹತ್ತಿರ ಕಾಲೇಜಿದ್ದರೆ ಎಷ್ಟು ಖರ್ಚು ಉಳಿಯುತ್ತದೆಂದು ಆ ಎರಡು ದಿನ ನಡೆದವರಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಗಾಂಧಿ ಬಜಾರಿನಲ್ಲಿ 1943ರಲ್ಲಿ ಶುರುವಾದ ಹೋಟೆಲಿಗೆ ವಿದ್ಯಾರ್ಥಿ ಭವನ ಎಂದೇ ಹೆಸರು ಬಿತ್ತು, ಗಿರಾಕಿಗಳು ಅಕ್ಕಪಕ್ಕದ ಆಚಾರ್ಯ ಪಾಠಶಾಲೆ, ನ್ಯಾಷನಲ್ ಹೈಸ್ಕೂಲಿನ ಹುಡುಗರಾಗಿದ್ದರು. ಮೂರು ವರ್ಷದ ಬಳಿಕ, 1946ರಲ್ಲಿ, ಬುಲ್ ಟೆಂಪಲ್ ರಸ್ತೆಯಲ್ಲಿ ಬಿ.ಎಂ. ಶ್ರೀನಿವಾಸಯ್ಯನವರ ಎಂಜಿನಿಯರಿಂಗ್ ಕಾಲೇಜು ಬಂತು. ದೇಶದ ಮೊದಲ ಖಾಸಗಿ ಎಂಜಿನಿಯರಿಂಗ್ ಕಾಲೇಜು ಎಂಬ ಹೆಗ್ಗಳಿಕೆ ಅದರದ್ದು. ಮಲ್ಲೇಶ್ವರದಲ್ಲಿ 1956ರಿಂದ ಎಂ.ಇ.ಎಸ್., ವಿ.ವಿ. ಪುರದಲ್ಲಿ 1979ರಿಂದ ಒಕ್ಕಲಿಗರ ಸಂಘದ ಬಿಐಟಿ. ಖಾಸಗಿ ಕಾಲೇಜು ಬಂದಲ್ಲಿ ಖಾಸಗಿ ಫೀ ಬರದೇ ಇರುತ್ತದೆಯೇ? ಎಂಬತ್ತರ ದಶಕಕ್ಕೆ ‘ಡೊನೇಷನ್’ ಮನೆಮಾತಾಯಿತು. ಸೈಟು ಮಾರಿ ಸೀಟು ತಂದ ಕಥೆ ಪ್ರತಿ ಬೀದಿಯಲ್ಲೂ ಒಂದಿತ್ತು. 1984ರಲ್ಲಿ ರಾಜ್ಯ ಸರ್ಕಾರ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ ಕಾನೂನು ತಂದಿತು.

ಇವತ್ತಿನ ಫೀ ಪಟ್ಟಿಯ ಒಗಟು ಬಿಡಿಸಬೇಕಾದರೆ ಸುಪ್ರೀಂ ಕೋರ್ಟಿನ ಮೆಟ್ಟಿಲ ತನಕ ಹೋಗಬೇಕು. ವಿಚಿತ್ರವೆಂದರೆ ದೇಶದ ಉನ್ನತ ಶಿಕ್ಷಣದ ಶುಲ್ಕ ಕಾನೂನನ್ನು ರೂಪಿಸಿದ ದೊಡ್ಡ ಮೊಕದ್ದಮೆಗಳಲ್ಲಿ ಹಲವು ಕರ್ನಾಟಕದವು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದ ಕಾಲದಲ್ಲಿ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನ ಸೀಟಿಗೆ ಹೊರರಾಜ್ಯದವರು 60,000 ಕೊಡಬೇಕಿತ್ತು. ಮೋಹಿನಿ ಜೈನ್ ಪ್ರಕರಣ ಅಲ್ಲಿಂದ ಹುಟ್ಟಿ 1992ರಲ್ಲಿ ತೀರ್ಪಾಯಿತು. ಅದೇ ಪ್ರಶ್ನೆಯ ಮೇಲೆ 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪು, 1994ರಿಂದ ರಾಜ್ಯದಲ್ಲಿ ಸಿಇಟಿ. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಖಾಸಗಿ ಸಂಸ್ಥೆಗಳಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು. ಅದರ ಬೆನ್ನಿಗೇ ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್‌ಕೆಯ ಪ್ರತ್ಯೇಕ ಪರೀಕ್ಷೆ ಬಂತು.

ಈ ಹಗ್ಗಜಗ್ಗಾಟದ ಫಲವಾಗಿ ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕೂತವರ ಫೀ ಬೇರೆ ಬೇರೆ. ಅಲ್ಪಸಂಖ್ಯಾತರದ್ದಲ್ಲದ ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸ್ಥೂಲವಾಗಿ ಶೇ 45 ಸೀಟು ಸರ್ಕಾರದ ಕೋಟಾ, ಶೇ 30 ಕಾಮೆಡ್‌ಕೆ, ಶೇ 25 ಮ್ಯಾನೇಜ್‌ಮೆಂಟು. ಮೊದಲನೆಯವನಿಗೆ ವರ್ಷಕ್ಕೆ ಲಕ್ಷದ ಆಸುಪಾಸು, ಎರಡನೆಯವನಿಗೆ ಎರಡರಿಂದ ಮೂರು ಲಕ್ಷದ ನಡುವೆ. ಮೂರನೆಯವನದ್ದು ಅವನ ಅಪ್ಪನಿಗೂ ಕಾಲೇಜಿನ ಆಫೀಸಿಗೂ ಗೊತ್ತು. ಮೇಷ್ಟ್ರು ಒಬ್ಬರೇ, ಲ್ಯಾಬು ಒಂದೇ, ಕೊನೆಗೆ ಸಿಗುವ ಡಿಗ್ರಿಯೂ ಒಂದೇ.

ಕೆಲವು ಮನೆಗಳು ಕೈಯಾರೆ ಕಳೆದುಕೊಳ್ಳುವ ಇನ್ನೊಂದು ಸೀಟಿದೆ: ಎಸ್‌ಎನ್‌ಕ್ಯು, ಸೂಪರ್‌ನ್ಯೂಮರರಿ ಕೋಟಾ. ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು, ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ಕುಟುಂಬದ ಮಕ್ಕಳಿಗೆ, ಮೆರಿಟ್ ಮೇಲೆ. ಬೋಧನಾ ಶುಲ್ಕ ಪೂರ್ತಿ ಮಾಫಿ. ವಿಶ್ವವಿದ್ಯಾಲಯದ ಶುಲ್ಕ ಮುಂತಾದವನ್ನು ಮಾತ್ರ ಕಟ್ಟಬೇಕು. ಷರತ್ತೂ ಉಂಟು: ಸೇರಿದ ಮೇಲೆ ಕಾಲೇಜು, ಬ್ರಾಂಚು ಬದಲಿಸುವಂತಿಲ್ಲ. ಇದಕ್ಕೆ ಬೇಕಾದ ಆದಾಯ ಪ್ರಮಾಣಪತ್ರವನ್ನು ‘ನಮಗ್ಯಾಕೆ, ನಾವೇನು ಬಡವರೇ?’ ಎಂದು ಮಾಡಿಸದೇ ಬಿಡುವ ಮನೆಗಳಿವೆ. ಖಾಸಗಿ ಕಂಪನಿಯ ಗುಮಾಸ್ತ, ಅಂಗಡಿಯ ಲೆಕ್ಕ ಬರೆಯುವವರು, ದೇವಸ್ಥಾನದ ಅರ್ಚಕರು, ಇಂಥವರ ಆದಾಯ 8 ಲಕ್ಷದ ಒಳಗೇ ಇರುತ್ತದೆ. ಮರ್ಯಾದೆಗೆ ಅಂಜಿದರೆ ನಾಲ್ಕು ವರ್ಷದ ಬೋಧನಾ ಶುಲ್ಕ ನಷ್ಟ. ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿಯೂ ಇದೆ. ಅರ್ಜಿಯಲ್ಲಿ ಆ ಕಲಮು ಗುರುತಿಸದೆ, ಆಮೇಲೆ ಪ್ರಾಧಿಕಾರದ ಗೇಟಿನಲ್ಲಿ ನಿಂತು ಕೈಮುಗಿದು ಪ್ರಯೋಜನವಿಲ್ಲ.

ಇನ್ನು ಸಾಲ. ಶಿಕ್ಷಣ ಸಾಲವನ್ನು ‘ಓದು ಮುಗಿದ ಮೇಲೆ ತೀರಿಸುವುದು’ ಎಂದಷ್ಟೇ ತಿಳಿದವರೇ ಜಾಸ್ತಿ. ಒಂದು ಲೆಕ್ಕ ಹಾಕಿ ನೋಡೋಣ. ನಾಲ್ಕು ವರ್ಷಕ್ಕೆ ಸಮನಾಗಿ ಹಂಚಿ 10 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇ 10. ಓದಿನ ನಾಲ್ಕು ವರ್ಷ, ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ, ಸರಳ ಬಡ್ಡಿಯೇ ಆದರೂ ಆ ಹೊತ್ತಿಗೆ ಮೂರೂವರೆ ಲಕ್ಷ ಬೆಳೆದಿರುತ್ತದೆ. ಕಂತು ಶುರುವಾಗುವಾಗ ಬಾಕಿ 13.5 ಲಕ್ಷ. ಹತ್ತು ವರ್ಷಕ್ಕೆ ತಿಂಗಳ ಕಂತು ಹತ್ತಿರ ಹತ್ತಿರ 17,800 ರೂಪಾಯಿ. ದೊಡ್ಡ ಐ.ಟಿ. ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಸಾಮಾನ್ಯ ಸಂಬಳ ವರ್ಷಕ್ಕೆ ಮೂರರಿಂದ ನಾಲ್ಕು ಲಕ್ಷ. ತಿಂಗಳಿಗೆ ಕೈಗೆ ಬರುವ ಇಪ್ಪತ್ತೈದು ಚಿಲ್ಲರೆ ಸಾವಿರದಲ್ಲಿ ಕಂತು ಕಳೆದರೆ ಬಾಡಿಗೆಗೂ ಸಾಲದು. ಓದುವಾಗಲೇ ಬಡ್ಡಿಯನ್ನಷ್ಟೇ ತಿಂಗಳು ತಿಂಗಳು ಕಟ್ಟಿಕೊಂಡು ಬಂದರೆ ಕಂತು 13,200ಕ್ಕೆ ಇಳಿಯುತ್ತದೆ. ಈ ಅಂಕಿಗಳನ್ನು ಮಗನ ಮುಂದೆ ಇಟ್ಟು ‘ತೀರಿಸಬೇಕಾದವನು ನೀನು, ನೋಡಪ್ಪ’ ಎನ್ನುವುದು ಕಟುಕತನವೇನಲ್ಲ. ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ನಿಗಮಗಳ ‘ಅರಿವು’ ಸಾಲ ಬ್ಯಾಂಕಿಗಿಂತ ಬಹಳ ಅಗ್ಗ. ಅದನ್ನು ಮೊದಲು ವಿಚಾರಿಸಬೇಕು.

ಹೊರಗಿನಿಂದ ಬರುವವರಿಗೆ ಕಾಲೇಜಿನ ಫೀಯಷ್ಟೇ ಇನ್ನೊಂದು ಫೀ ಇರುತ್ತದೆ: ಪಿ.ಜಿ. ತಿಂಗಳಿಗೆ ಒಂಬತ್ತು ಸಾವಿರ ಎಂದು ಹಿಡಿದರೂ, ವರ್ಷಕ್ಕೆ ಹತ್ತು ತಿಂಗಳಂತೆ ನಾಲ್ಕು ವರ್ಷಕ್ಕೆ 3.6 ಲಕ್ಷ. ಹಾಸನದ ಹುಡುಗ ಊರಿನಲ್ಲೇ ಇರುವ ಸರ್ಕಾರಿ ಕಾಲೇಜು ಬಿಟ್ಟು ಬೆಂಗಳೂರಿನ ಮಧ್ಯಮ ದರ್ಜೆಯ ಕಾಲೇಜಿಗೆ ಬಂದರೆ ಆ ಮೂರೂವರೆ ಲಕ್ಷಕ್ಕೆ ಅವನಿಗೆ ಹೆಚ್ಚಿಗೆ ಏನು ಸಿಕ್ಕಿತೆಂದು ಕೇಳಲೇಬೇಕು. ಹೆಣ್ಣುಮಕ್ಕಳ ಲೆಕ್ಕ ಸ್ವಲ್ಪ ಬದಲಾಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಮನಗರದಿಂದಲೋ ತುಮಕೂರಿನಿಂದಲೋ ಸಾಮಾನ್ಯ ಬಸ್ಸಿನಲ್ಲಿ ದಿನಾ ಓಡಾಡಿದರೂ ಟಿಕೆಟ್ಟಿಗೆ ಕಾಸು ಬೇಡ. ಉಳಿದದ್ದು ಹೊತ್ತಿನ ಲೆಕ್ಕ. ಹೋಗಿಬರಲು ದಿನಕ್ಕೆ ಮೂರು ಗಂಟೆ, ವರ್ಷಕ್ಕೆ ಇನ್ನೂರು ದಿನ, ನಾಲ್ಕು ವರ್ಷಕ್ಕೆ 2,400 ಗಂಟೆ. ಮಲ್ಲೇಶ್ವರದ ಹುಡುಗಿಗೂ ಇದು ತಪ್ಪಿದ್ದಲ್ಲ. ಎಲೆಕ್ಟ್ರಾನಿಕ್ ಸಿಟಿಯಾಚೆಯ ಕಾಲೇಜಿಗೆ ಸೇರಿದರೆ ಸಂಪಿಗೆ ರಸ್ತೆಯಲ್ಲಿ ಮೆಟ್ರೊದ ಹಸಿರು ಮಾರ್ಗ ಹತ್ತಿ, ಆರ್.ವಿ. ರಸ್ತೆಯಲ್ಲಿಳಿದು 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಹಿಡಿದು, ಅಲ್ಲಿಂದ ಮುಂದೆ ಕಾಲೇಜು ಬಸ್ಸಿಗೆ ಕಾಯಬೇಕು.

ದುಡ್ಡೇ ತೀರ್ಮಾನ ಮಾಡಿದಾಗ ಏನಾಗುತ್ತದೆ? ಎನ್.ಆರ್. ನಾರಾಯಣಮೂರ್ತಿಯವರ ಕಥೆ ಬಹಳ ಜನಕ್ಕೆ ಗೊತ್ತು. ಐಐಟಿ ಪ್ರವೇಶ ಪರೀಕ್ಷೆ ಪಾಸಾದರೂ ಎಂಟು ಮಕ್ಕಳ ಮೇಷ್ಟ್ರ ಮನೆಗೆ ಆ ಖರ್ಚು ಭರಿಸಲಾಗಲಿಲ್ಲ. ಮೈಸೂರಿನ ಎನ್‌ಐಇಯಲ್ಲಿ ಓದಿ 1967ರಲ್ಲಿ ಬಿ.ಇ. ಮುಗಿಸಿದರು, ಎರಡು ವರ್ಷಕ್ಕೆ ಐಐಟಿ ಕಾನ್ಪುರದಿಂದ ಎಂ.ಟೆಕ್. ಪಡೆದರು. ಈ ಕಥೆಯನ್ನು ಸಾಮಾನ್ಯವಾಗಿ ಛಲದ ಉದಾಹರಣೆಯಾಗಿ ಹೇಳುತ್ತಾರೆ. ಅದರಲ್ಲಿ ಅಷ್ಟೇ ಉಪಯುಕ್ತವಾದ ಇನ್ನೊಂದು ಸಂಗತಿ ಇದೆ: ಮೊದಲ ಡಿಗ್ರಿ ಕೈಗೆಟಕುವ ಕಡೆ, ಎರಡನೆಯದು ಹೆಸರಿನ ಕಡೆ. ಸ್ನಾತಕೋತ್ತರ ಹಂತದಲ್ಲಿ ಗೇಟ್ ಪರೀಕ್ಷೆ ಪಾಸಾದವರಿಗೆ ಇವತ್ತೂ ಸ್ಟೈಪೆಂಡ್ ಸಿಗುತ್ತದೆ. ನಾಲ್ಕು ವರ್ಷಕ್ಕೆ ಇಪ್ಪತ್ತು ಲಕ್ಷ ಸುರಿದು ಹೆಸರು ಕೊಳ್ಳುವವರು ಈ ದಾರಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಲ್ಲರೂ ಗೇಟ್ ಪಾಸಾಗುವುದಿಲ್ಲ, ಸರಿ. ಇಪ್ಪತ್ತು ಲಕ್ಷ ಸುರಿದವರೆಲ್ಲ ದೊಡ್ಡ ಪ್ಯಾಕೇಜು ಪಡೆಯುತ್ತಾರೆಯೇ?

ದುಡ್ಡಿನ ಪ್ರಶ್ನೆಯೇ ಇಲ್ಲದಾಗ ಆಯ್ಕೆ ಹೇಗಿರುತ್ತದೆ ಎಂಬುದಕ್ಕೆ ಬಸವನಗುಡಿಯದೇ ಉದಾಹರಣೆ ಸಿ.ಎನ್.ಆರ್. ರಾವ್. ಆಚಾರ್ಯ ಪಾಠಶಾಲೆಯ ಹುಡುಗ, 1951ರಲ್ಲಿ, ಹದಿನೇಳರ ವಯಸ್ಸಿಗೆ, ಸೆಂಟ್ರಲ್ ಕಾಲೇಜಿನಿಂದ ಬಿ.ಎಸ್ಸಿ. ಮುಗಿಸಿದರು. ಭಾರತೀಯ ವಿಜ್ಞಾನ ಸಂಸ್ಥೆ ಸೇರುವ ಯೋಚನೆಯಿತ್ತು. ಅಧ್ಯಾಪಕರೊಬ್ಬರ ಮಾತು ಕೇಳಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಎಂ.ಎಸ್ಸಿ. ಆದ ಮೇಲೆ ಪಿಎಚ್.ಡಿ.ಗೆ ಖರಗಪುರದ ಐಐಟಿಯ ವಿದ್ಯಾರ್ಥಿವೇತನ ಸಿಕ್ಕಿತು. ಜೊತೆಗೆ ಅಮೆರಿಕದಿಂದ ನಾಲ್ಕು ಕರೆ: ಎಂಐಟಿ, ಪೆನ್ ಸ್ಟೇಟ್, ಕೊಲಂಬಿಯ, ಪರ್ಡ್ಯೂ. ನಾಲ್ಕೂ ಹಣದ ನೆರವಿನೊಂದಿಗೇ ಬಂದಿದ್ದವು. ಇವತ್ತಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇದು ಚರ್ಚೆಯ ವಿಷಯವೇ ಆಗುತ್ತಿರಲಿಲ್ಲ, ಎಂಐಟಿ ಎಂದು ಎಲ್ಲರೂ ಹೆಬ್ಬೆರಳೆತ್ತಿ ಮುಗಿಸುತ್ತಿದ್ದರು. ರಾವ್ ಪರ್ಡ್ಯೂ ಆರಿಸಿಕೊಂಡರು. ಎರಡು ವರ್ಷ ಒಂಬತ್ತು ತಿಂಗಳಲ್ಲಿ ಪಿಎಚ್.ಡಿ. ಮುಗಿಯಿತು. 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ತಿಂಗಳಿಗೆ 500 ರೂಪಾಯಿ ಸಂಬಳದ ಲೆಕ್ಚರರ್ ಆಗಿ ಹಿಂತಿರುಗಿದರು. ಕೆಲಸ ಎಲ್ಲಿ ಸಾಗುತ್ತದೆ ಎಂಬುದಕ್ಕೂ ಬೋರ್ಡಿನ ಮೇಲಿನ ಹೆಸರಿಗೂ ಯಾವಾಗಲೂ ನಂಟು ಇರಲೇಬೇಕೆಂದಿಲ್ಲ.

ಹಾಗಾದರೆ ಪಾಠ ಎಲ್ಲಿ ಚೆನ್ನಾಗಿದೆ ಎಂದು ತಿಳಿಯುವುದು ಹೇಗೆ? ಕಾಲೇಜಿನ ಗೋಡೆಯ ಮೇಲಿನ ಫ್ಲೆಕ್ಸು ನೋಡಿದರೆ ತಿಳಿಯದು. ಅದರಲ್ಲಿರುವುದು ಆ ವರ್ಷದ ಅತಿ ದೊಡ್ಡ ಪ್ಯಾಕೇಜು ಪಡೆದ ಒಬ್ಬನ ಫೋಟೊ. ಕೇಳಬೇಕಾದದ್ದು, ತರಗತಿಯ ನಟ್ಟನಡುವಿನ ವಿದ್ಯಾರ್ಥಿಗೆ ಎಷ್ಟು ಸಿಕ್ಕಿತು, ಈ ಬ್ರಾಂಚಿನಲ್ಲಿ ಎಷ್ಟು ಜನರಿಗೆ ಏನೂ ಸಿಗಲಿಲ್ಲ ಎಂದು. ನ್ಯಾಕ್ ಗ್ರೇಡು ಇಡೀ ಸಂಸ್ಥೆಗೆ ಕೊಡುವುದು, ಎನ್‌ಬಿಎ ಮಾನ್ಯತೆ ಒಂದೊಂದು ಬ್ರಾಂಚಿಗೂ ಬೇರೆ ಬೇರೆ. ಮೆಕ್ಯಾನಿಕಲ್‌ಗೆ ಇದ್ದ ಮಾನ್ಯತೆ ಹೊಸದಾಗಿ ತೆರೆದ ಎಐ ಬ್ರಾಂಚಿಗೆ ಇರಬೇಕಾಗಿಲ್ಲ. ಈ ಮಾತು ಈಗ ಮೊದಲಿಗಿಂತ ಮುಖ್ಯ. 2024-25ರಿಂದ ಎಐಸಿಟಿಇ ಒಳ್ಳೆಯ ಸಾಧನೆಯ ಕಾಲೇಜುಗಳಿಗೆ ಸೀಟು ಸಂಖ್ಯೆಯ ಮಿತಿ ಸಡಿಲಿಸಿದ ಮೇಲೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸಿನ ಸೀಟುಗಳು ಉಬ್ಬಿವೆ. ಅದೇ ಕಾಲೇಜಿನಲ್ಲಿ ಅಣ್ಣ ಓದಿದ್ದಾಗ ಎರಡು ಸೆಕ್ಷನ್ ಇದ್ದದ್ದು ತಂಗಿಯ ಕಾಲಕ್ಕೆ ಏಳೋ ಎಂಟೋ ಆಗಿರಬಹುದು. ಮೇಷ್ಟ್ರುಗಳೂ ಅಷ್ಟೇ ಪಾಲಿಗೆ ಹೆಚ್ಚಿದರೇ? ಎಐಸಿಟಿಇ ಲೆಕ್ಕದಲ್ಲಿ ಇಪ್ಪತ್ತು ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕ. ಬೋಧಕರ ಪಟ್ಟಿಯನ್ನು ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ಕಡ್ಡಾಯವಾಗಿ ಹಾಕಬೇಕು. ಕೂತು ಎಣಿಸಲು ಹತ್ತು ನಿಮಿಷ ಸಾಕು. ಅದಕ್ಕಿಂತ ಸುಲಭದ ಉಪಾಯ, ಮಧ್ಯಾಹ್ನ ಕಾಲೇಜಿನ ಗೇಟಿನೆದುರಿನ ಚಹಾ ಅಂಗಡಿಯಲ್ಲಿ ನಿಂತು ಮೂರನೇ ಸೆಮಿಸ್ಟರಿನವರನ್ನು ಮಾತಿಗೆಳೆಯುವುದು. ಮೊದಲ ವರ್ಷದವರು ಇನ್ನೂ ಕನಸಿನಲ್ಲಿರುತ್ತಾರೆ, ಕೊನೆಯ ವರ್ಷದವರಿಗೆ ಕೆಲಸದ ಚಿಂತೆ. ಮೂರನೇ ಸೆಮಿಸ್ಟರಿನವರು ಬಾಯಿ ಬಿಚ್ಚಿ ಹೇಳುತ್ತಾರೆ: ಯಾರ ಕ್ಲಾಸಿಗೆ ಹೋಗುತ್ತಾರೆ, ಯಾವ ಲ್ಯಾಬಿನಲ್ಲಿ ಅರ್ಧ ಸಿಸ್ಟಂ ಕೆಟ್ಟಿವೆ, ಇಂಟರ್ನಲ್ಸ್ ಯಾರು ಹೇಗೆ ಹಾಕುತ್ತಾರೆ.

ಬ್ರಾಂಚು ಮೊದಲೋ ಕಾಲೇಜು ಮೊದಲೋ ಎಂಬ ವಾದಕ್ಕೆ ಬಸವನಗುಡಿಯ ಕಟ್ಟೆಗಳಲ್ಲಿ ಕೊನೆಯಿಲ್ಲ. ಈ ಲೇಖನದ ಪಕ್ಷ ಬ್ರಾಂಚಿನದು, ಒಂದು ಷರತ್ತಿನ ಮೇಲೆ: ಆ ಬ್ರಾಂಚು ಮಗುವಿನದ್ದಾಗಿರಬೇಕು. ಗಣಿತ ಕಂಡರೆ ಕುಣಿಯುವ, ಕೋಡಿಂಗ್ ಕಂಡರೆ ಮುಖ ಸಿಂಡರಿಸುವ ಹುಡುಗ ಇದ್ದಾನೆ ಎನ್ನಿ. ಅವನ ಮನೆಯಿಂದ ಎರಡು ಹೆಜ್ಜೆ ದೂರದ ನ್ಯಾಷನಲ್ ಕಾಲೇಜಿನ ಬಿ.ಎಸ್ಸಿ.ಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ರಾಜ್ಯದಲ್ಲಿ ಪದವಿ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿದೆ, ಖರ್ಚು ಎಂಜಿನಿಯರಿಂಗಿನ ಒಂದು ಚೂರು. ಮಲ್ಲೇಶ್ವರದ ಅಂಚಿನಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆ 2011ರಿಂದ ನಾಲ್ಕು ವರ್ಷದ ವಿಜ್ಞಾನ ಪದವಿ ನಡೆಸುತ್ತಿದೆ. ಅಲ್ಲಿಗೆ ಸಿಇಟಿ ರ್‍ಯಾಂಕು ನಡೆಯುವುದಿಲ್ಲ, ರಾಷ್ಟ್ರಮಟ್ಟದ ಪರೀಕ್ಷೆಗಳ ರ್‍ಯಾಂಕು ಬೇಕು. ಹಾಗಾಗಿ ಮೊದಲ ಪಿಯುಸಿಯಲ್ಲೇ ಯೋಚಿಸಿದವರಿಗಷ್ಟೇ ಅದು ಲೆಕ್ಕಕ್ಕೆ ಬರುತ್ತದೆ.

ಒಗ್ಗುವುದು ಎಂಬ ಮಾತು ಮೃದುವಾಗಿ ಕೇಳಿಸುತ್ತದೆ, ಆದರೆ ಕಾಲೇಜು ಬಿಡಿಸುವಷ್ಟು ಗಟ್ಟಿ ಕಾರಣ ಅದೇ. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಏಕೈಕ ಹುಡುಗಿಯಾಗಿ ಎಂಜಿನಿಯರಿಂಗ್ ಸೇರಿದ ಸುಧಾ ಮೂರ್ತಿಯವರಿಗೆ ಪ್ರಾಂಶುಪಾಲರು ಹಾಕಿದ್ದ ಷರತ್ತುಗಳು ಪ್ರಸಿದ್ಧ: ಸೀರೆಯಲ್ಲೇ ಬರಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು. ಹೆಣ್ಣುಮಕ್ಕಳ ಶೌಚಾಲಯವೂ ಅಲ್ಲಿರಲಿಲ್ಲ. ಅವರು ದಕ್ಕಿಸಿಕೊಂಡರು, ಮೊದಲ ಸ್ಥಾನವನ್ನೂ ಪಡೆದರು. ಅಂಥದ್ದನ್ನು ಎಲ್ಲ ಹುಡುಗಿಯರೂ ದಕ್ಕಿಸಿಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಇವತ್ತಿನ ತೊಡಕು ಬೇರೆ ಬಗೆಯದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಮೊದಲ ಸೆಮಿಸ್ಟರಿನ ಇಂಗ್ಲಿಷ್ ಪಾಠ ನೀರಿಳಿಯದ ಗಂಟಲಿಗೆ ಕಡುಬು ತುರುಕಿದಂತಾಗುತ್ತದೆ. ಅಲ್ಲಿ ಕನ್ನಡದಲ್ಲಿ ಮತ್ತೊಮ್ಮೆ ಬಿಡಿಸಿ ಹೇಳುವ ಮೇಷ್ಟ್ರೋ, ತನ್ನ ಕಡೆಯ ನಾಲ್ಕು ಸೀನಿಯರ್‌ಗಳೋ ಇದ್ದರೆ ಪಾರಾಗುತ್ತಾನೆ. ಎಲ್ಲರೂ ಕಾರಿನಲ್ಲಿ ಬರುವ, ವಾರಕ್ಕೊಂದು ‘ಇವೆಂಟ್’ಗೆ ಸಾವಿರ ರೂಪಾಯಿ ಕೇಳುವ ಕ್ಯಾಂಪಸ್ಸಿನಲ್ಲಿ ಅದೇ ಹುಡುಗ ಬ್ಯಾಕ್‌ಲಾಗಿನ ಮೇಲೆ ಬ್ಯಾಕ್‌ಲಾಗ್ ಏರಿಸಿಕೊಂಡು ಮಂಕಾಗುತ್ತಾನೆ.

ಕಾಲೇಜುಗಳೂ ಆಯ್ಕೆಯ ಈ ಗೊಂದಲವನ್ನು ಬಲ್ಲವು. ಸಿಇಟಿ ಸೀಟು ಹಂಚಿಕೆ ಆಗುವ ಮೊದಲೇ ಕೆಲವು ಖಾಸಗಿ ಸಂಸ್ಥೆಗಳಿಂದ ಫೋನು ಬರುತ್ತದೆ: ‘ಎರಡೇ ಸೀಟು ಉಳಿದಿದೆ, ನಾಳೆ ಸಂಜೆಯೊಳಗೆ ಕಟ್ಟಿ.’ ಏಜೆಂಟರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಆಪ್ಷನ್ ಎಂಟ್ರಿ ನಾವೇ ಮಾಡಿಕೊಡ್ತೀವಿ’ ಎನ್ನುತ್ತಾರೆ. ಪಾಸ್‌ವರ್ಡು ಪರರ ಕೈಗೆ ಕೊಟ್ಟರೆ ಏನಾಗಬಹುದೆಂದು 2024ರಲ್ಲಿ ಎಲ್ಲರೂ ನೋಡಿದರು. ಸೀಟು ಹಂಚಿಕೆಯಾದರೂ ಸೇರದ ಅಭ್ಯರ್ಥಿಗಳ ಜಾಡು ಹಿಡಿದಾಗ, ಹಲವರ ಆಪ್ಷನ್ ಎಂಟ್ರಿ ಒಂದೇ ಕಡೆಯ ಕಂಪ್ಯೂಟರುಗಳಿಂದ ಆಗಿದ್ದು ಕಂಡುಬಂತು. ಹಾಗೆ ಖಾಲಿ ಉಳಿಸಿದ ಸರ್ಕಾರಿ ಕೋಟಾ ಸೀಟು ಕೊನೆಗೆ ಮ್ಯಾನೇಜ್‌ಮೆಂಟ್ ಪಾಲಾಗುತ್ತದೆ. ಪ್ರಾಧಿಕಾರ ಮಲ್ಲೇಶ್ವರ ಪೊಲೀಸ್ ಠಾಣೆಗೆ ದೂರು ಕೊಟ್ಟಿತು, ಪ್ರಾಧಿಕಾರದ ಒಳಗಿನವರೂ ಸೇರಿದಂತೆ ಬಂಧನಗಳಾದವು.

‘ನಾಳೆ ಸಂಜೆಯೊಳಗೆ’ ಎಂಬ ಫೋನಿಗೆ ಹೆದರಿ ಈಗಾಗಲೇ ದುಡ್ಡು ಕಟ್ಟಿದವರು ಹಣ ಮುಳುಗಿತೆಂದು ಅದೇ ಕಾಲೇಜಿಗೆ ಅಂಟಿಕೊಳ್ಳುವುದುಂಟು. ಯುಜಿಸಿಯ ಮರುಪಾವತಿ ನಿಯಮ ಇರುವುದು ಇಂಥವರಿಗೇ. 2024-25ರ ಸಾಲಿಗೆ ಸೆಪ್ಟೆಂಬರ್ 30ರೊಳಗೆ ಸೀಟು ಬಿಟ್ಟವರಿಗೆ ಪೂರ್ತಿ ಶುಲ್ಕ, ಅಕ್ಟೋಬರ್ 31ರೊಳಗೆ ಬಿಟ್ಟವರಿಗೆ ಹೆಚ್ಚೆಂದರೆ 1,000 ರೂಪಾಯಿ ಕಳೆದು ಉಳಿದದ್ದು ವಾಪಸ್ ಎಂದು ಅದು ಹೇಳಿತ್ತು. ಆಯಾ ವರ್ಷದ ದಿನಾಂಕ ಯುಜಿಸಿಯ ಸುತ್ತೋಲೆಯಲ್ಲಿ ಸಿಗುತ್ತದೆ. ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರಗಳನ್ನು ಪರಿಶೀಲಿಸಿ ಹಿಂದಕ್ಕೆ ಕೊಡಬೇಕೇ ಹೊರತು ಇಟ್ಟುಕೊಳ್ಳುವ ಅಧಿಕಾರ ಕಾಲೇಜಿಗಿಲ್ಲ. ಸೀಟು ಬಿಡುವ ಅರ್ಜಿಯನ್ನು ಬಾಯಿಮಾತಿನಲ್ಲಿ ಹೇಳಿ ಬರದೆ ಬರಹದಲ್ಲಿ ಕೊಟ್ಟು, ಪ್ರತಿಯ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಳ್ಳಬೇಕು. ಆಫೀಸಿನವರು ‘ನಾಳೆ ಬನ್ನಿ’ ಎಂದರೆ ಅದೇ ಅರ್ಜಿಯನ್ನು ಇ-ಮೇಲ್ ಮಾಡಿದರೆ ಸಾಕು, ತಾರೀಕು ತಾನೇ ದಾಖಲಾಗುತ್ತದೆ.